ಆಕ್ಟೇವಿಯಾ 1.8 ಟರ್ಬೊ: ಹೊಸ ಇಸಿಯು ಹಾಕಿಸಿದ ಮೇಲೆ ಬೂಸ್ಟ್‌ನಲ್ಲಿ ಮಿಸ್ ಹೊಡೆಯುತ್ತಿದೆ, ಟ್ರ್ಯಾಕಿನಲ್ಲಿ ಪೂರ್ತಿ ಕಡಿತವಾಗುತ್ತಿದೆ

ಕೆಂಪು ಆಕ್ಟೇವಿಯಾ, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 2006ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಇದೆ. 1,781 ಸಿಸಿಯ, 20 ವಾಲ್ವುಗಳ ಟರ್ಬೊ ಪೆಟ್ರೋಲ್ ಎಂಜಿನ್. ಸೆಕೆಂಡ್ ಹ್ಯಾಂಡ್ ಕೊಂಡು ಆರು ವರ್ಷ ಓಡಿಸಿದೆ. ಈಗ ಮನೆಯ ಓಡಾಟಕ್ಕೆ ಬೇರೆ ಕಾರು ಇರುವುದರಿಂದ ಇದನ್ನು ರೇಸ್ ಟ್ರ್ಯಾಕಿಗೆಂದೇ ಉಳಿಸಿಕೊಂಡಿದ್ದೇನೆ. ಕಳೆದ ವರ್ಷ ಸ್ವಲ್ಪ ದೊಡ್ಡ ಟರ್ಬೊ, ಮುಂಭಾಗದ ಇಂಟರ್‌ಕೂಲರ್ ಮತ್ತು ನಿಮಿಷಕ್ಕೆ 550 ಸಿಸಿ ಹರಿಸುವ ಇಂಜೆಕ್ಟರ್‌ಗಳನ್ನು ಹಾಕಿಸಿ, ಕಂಪನಿಯ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ತೆಗೆಸಿ, ಅದರ ಜಾಗಕ್ಕೆ ಎಲ್ಲವನ್ನೂ ನಾವೇ ಹೊಂದಿಸಬಹುದಾದ ಸ್ಟ್ಯಾಂಡಲೋನ್ ಇಸಿಯು ಕೂರಿಸಿದೆ. ಗಾಳಿ ಅಳೆಯುತ್ತಿದ್ದ ಹಳೆಯ ಮೀಟರ್ ಈಗ ಇಲ್ಲ. ಮ್ಯಾನಿಫೋಲ್ಡ್ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆ) ಒತ್ತಡ ಮತ್ತು ಒಳಬರುವ ಗಾಳಿಯ ಉಷ್ಣತೆ ಇವೆರಡನ್ನೇ ಆಧರಿಸಿ ಇಸಿಯು ಇಂಧನದ ಲೆಕ್ಕ ಹಾಕುತ್ತದೆ.

ವೈರಿಂಗ್ ಮತ್ತು ಮೊದಲ ಸ್ಟಾರ್ಟ್ ಕೆಲಸವನ್ನು ಒಂದು ಗ್ಯಾರೇಜಿನಲ್ಲಿ ಮಾಡಿಸಿದೆ. ಅವರು ಇದೇ ಜಾತಿಯ ಎಂಜಿನ್ನಿಗೆ ಬೇರೆಯವರು ಮಾಡಿದ್ದ ಬೇಸ್ ಫೈಲನ್ನು, ಅಂದರೆ ಆರಂಭದ ಸೆಟ್ಟಿಂಗ್‌ಗಳನ್ನು, ತುಂಬಿಕೊಟ್ಟರು. ಐಡಲಿಂಗ್ ಮತ್ತು ಸಣ್ಣ ಥ್ರಾಟಲ್‌ನ ಇಂಧನ ಕೋಷ್ಟಕವನ್ನು ನಾನೇ ಲ್ಯಾಂಬ್ಡಾ ಮೀಟರ್ ನೋಡಿಕೊಂಡು ಸರಿಪಡಿಸಿದೆ (ಲ್ಯಾಂಬ್ಡಾ 1 ಎಂದರೆ ಗಾಳಿ, ಪೆಟ್ರೋಲ್ ಸರಿ ಪ್ರಮಾಣದಲ್ಲಿವೆ; ಅದಕ್ಕಿಂತ ಕಡಿಮೆ ಎಂದರೆ ಪೆಟ್ರೋಲ್ ಹೆಚ್ಚು). ಐಡಲಿಂಗ್ ಈಗ ಚೆನ್ನಾಗಿದೆ, ಗಾಡಿ ಮೆಲ್ಲಗೆ ಓಡಿಸಿದರೆ ದೂರಿಲ್ಲ. ತೊಂದರೆ ಇರುವುದು ಬೂಸ್ಟ್‌ನಲ್ಲಿ, ಅಂದರೆ ಟರ್ಬೊ ಹೊರಗಿನದಕ್ಕಿಂತ ಹೆಚ್ಚಿನ ಒತ್ತಡದಲ್ಲಿ ಗಾಳಿ ತುಂಬುವಾಗ.

ಬೆಂಗಳೂರಿನಲ್ಲಿ ಡೈನೋ (ಕಾರನ್ನು ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಯಂತ್ರ) ಮೇಲೆ ಪೂರ್ಣ ಥ್ರಾಟಲ್ ಕೊಟ್ಟಾಗ 4,500 ಆರ್‌ಪಿಎಂ ದಾಟುತ್ತಿದ್ದಂತೆ ಸೈಲೆನ್ಸರಿನಿಂದ ಪಟಪಟ ಸದ್ದು ಬಂದು ಎಳೆತ ಕುಗ್ಗುತ್ತದೆ. ಬೂಸ್ಟ್ 0.9 ಬಾರ್. ಅದಕ್ಕೆ ಮುನ್ನ ಲ್ಯಾಂಬ್ಡಾ 0.74 ಇರುತ್ತದೆ, ಮಿಸ್ ಶುರುವಾದೊಡನೆ 0.92ಕ್ಕೆ ಏರುತ್ತದೆ. ಮಿಶ್ರಣ ತೆಳುವಾಗುತ್ತಿದೆ ಎಂದುಕೊಂಡು ಆ ಭಾಗದ ಕೋಶಗಳಿಗೆ ನೂರಕ್ಕೆ 6ರಷ್ಟು ಇಂಧನ ಹೆಚ್ಚಿಸಿದೆ. ಮಿಸ್ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ನಾಕಿಂಗ್ (ಮಿಶ್ರಣ ತಾನಾಗಿಯೇ ಸಿಡಿಯುವ) ಸದ್ದೂ ಆಗಾಗ ಕೇಳಿಸುತ್ತದೆ. ಬೂಸ್ಟ್‌ನಲ್ಲಿ ಟೈಮಿಂಗನ್ನು (ಪಿಸ್ಟನ್ ಮೇಲ್ತುದಿಗೆ ಬರಲು ಕ್ರ್ಯಾಂಕ್ ಎಷ್ಟು ಡಿಗ್ರಿ ತಿರುಗಬೇಕಿರುವಾಗ ಕಿಡಿ ಬೀಳುತ್ತದೆ ಎಂಬುದನ್ನು) 9 ಡಿಗ್ರಿಗೆ ಇಳಿಸಿದರೂ ಅದು ಪೂರ್ತಿ ನಿಂತಿಲ್ಲ.

ಹೋದ ತಿಂಗಳು ಚೆನ್ನೈ ಹತ್ತಿರದ ಶ್ರೀಪೆರಂಬುದೂರಿನ ಬಳಿಯ ಟ್ರ್ಯಾಕಿಗೆ ಕಾರನ್ನು ಒಯ್ದಿದ್ದೆ. ಅಲ್ಲಿ ಆದದ್ದೇ ಬೇರೆ. ನೇರ ದಾರಿಯಲ್ಲಿ ಪೂರ್ಣ ಬೂಸ್ಟ್ ಬಂದ ಕೂಡಲೇ ಎದುರಿಗೆ ಗೋಡೆ ಸಿಕ್ಕಂತೆ ಎಂಜಿನ್ ಒಮ್ಮೆಲೇ ನಿಂತು, ಮರುಕ್ಷಣ ಎಳೆದು, ಮತ್ತೆ ನಿಲ್ಲುತ್ತಿತ್ತು. ಎರಡು ಸುತ್ತು ನೋಡಿ ಕಾರನ್ನು ಪಿಟ್ಟಿಗೆ ತಂದುಬಿಟ್ಟೆ.

ಲಾಗ್‌ಗಳಿಂದ ಕೆಲವು ಸಂಖ್ಯೆಗಳು: ಎಂಜಿನ್ ಆಫ್, ಕೀ ಮಾತ್ರ ಆನ್ ಇದ್ದಾಗ ಮ್ಯಾನಿಫೋಲ್ಡ್ ಒತ್ತಡ ಬೆಂಗಳೂರಿನಲ್ಲಿ 101 ಕಿಲೋಪ್ಯಾಸ್ಕಲ್, ಟ್ರ್ಯಾಕಿನಲ್ಲಿ 111. ಐಡಲಿಂಗ್‌ನಲ್ಲಿ 44. ಡೈನೋ ಮೇಲೆ ಪೂರ್ಣ ಬೂಸ್ಟ್‌ನಲ್ಲಿ 191. ಬೂಸ್ಟ್ ಮಿತಿ ಮೀರಿದರೆ ಇಂಧನ ಕಡಿಯುವ ರಕ್ಷಣೆಯನ್ನು 200ಕ್ಕೆ ಇಟ್ಟಿದ್ದಾರೆ. ಪ್ಲಗ್‌ಗಳು ಹೊಸವಲ್ಲ, ಗ್ಯಾಪ್ 1.0 ಮಿಲಿಮೀಟರ್ ಇದೆ. ಟೈಮಿಂಗ್ ಲೈಟ್ (ಕಿಡಿ ಬಿದ್ದಾಗಲೆಲ್ಲ ಮಿನುಗುವ ದೀಪ) ಹಾಕಿ ನೋಡಿದ್ದಾರೆಯೇ ಎಂಬುದು ನನಗೆ ತಿಳಿಯದು, ನಾನಂತೂ ನೋಡಿಲ್ಲ. ಈ ಎಂಜಿನ್ ಮೇಲೆ ನನಗೆ ತುಂಬ ಪ್ರೀತಿ ಇದೆ, ಪಿಸ್ಟನ್ ಒಡೆಯುವ ಮೊದಲು ತಿಳಿದವರ ಮಾತು ಕೇಳಬೇಕೆಂದು ಬರೆಯುತ್ತಿದ್ದೇನೆ. ಎಲ್ಲಿಂದ ಶುರುಮಾಡಲಿ?

ಲ್ಯಾಂಬ್ಡಾ ಒಂದು, ಕೊಯಮತ್ತೂರು

ನಮಸ್ಕಾರ. ಸಂಖ್ಯೆಗಳನ್ನು ಕೊಟ್ಟು ಬಹಳ ಒಳ್ಳೆಯ ಕೆಲಸ ಮಾಡಿದ್ದೀರಿ. ಅವುಗಳಲ್ಲೇ ಉತ್ತರದ ಬಹುಪಾಲು ಇದೆ. ಇನ್ನೊಮ್ಮೆ ಪೂರ್ಣ ಥ್ರಾಟಲ್ ಕೊಡುವ ಮೊದಲು ದಯವಿಟ್ಟು ಇದನ್ನು ಕೊನೆಯವರೆಗೆ ಓದಿ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಅಲ್ಲಿನ ವಾತಾವರಣದ ಒತ್ತಡ ಹೆಚ್ಚುಕಡಿಮೆ 91 ಕಿಲೋಪ್ಯಾಸ್ಕಲ್. ಎಂಜಿನ್ ನಿಂತಿರುವಾಗ ಮ್ಯಾನಿಫೋಲ್ಡಿನೊಳಗೂ ಹೊರಗಿನಷ್ಟೇ ಒತ್ತಡ ಇರಬೇಕು, ಆದ್ದರಿಂದ ಕೀ ಆನ್ ಮಾಡಿದಾಗ ನಿಮಗೆ 91ರ ಆಸುಪಾಸು ಕಾಣಬೇಕಿತ್ತು. 101 ಕಾಣುತ್ತಿದೆ ಎಂದರೆ, ಯಾರೋ ಸೆನ್ಸರಿನ ಶೂನ್ಯ ಹೊಂದಿಸುವಾಗ ಸ್ಥಳೀಯ ಒತ್ತಡದ ಬದಲು ಪುಸ್ತಕದಲ್ಲಿರುವ ಸಮುದ್ರಮಟ್ಟದ 101.3 ಅನ್ನು ಒತ್ತಿಬಿಟ್ಟಿದ್ದಾರೆ. ಟ್ರ್ಯಾಕಿನ 111 ಇದನ್ನು ಖಚಿತಪಡಿಸುತ್ತದೆ. ಅಲ್ಲಿನ ನಿಜವಾದ ಒತ್ತಡ 101ಕ್ಕಿಂತ ತುಸು ಕಡಿಮೆ ಇದ್ದೀತು. ಚೆನ್ನೈ ಸೀಮೆಯಲ್ಲಿ 111 ಎಂಬುದು ಎಂದಿಗೂ ಆಗದ ಮಾತು. ಅಂದರೆ ನಿಮ್ಮ ಇಸಿಯು ಎಲ್ಲೆಡೆ, ಎಲ್ಲ ಹೊತ್ತಿನಲ್ಲೂ, ಇರುವುದಕ್ಕಿಂತ 10 ಕಿಲೋಪ್ಯಾಸ್ಕಲ್ ಹೆಚ್ಚು ಓದುತ್ತಿದೆ.

ಇದು ಇಷ್ಟು ದಿನ ಕಣ್ಣಿಗೆ ಬೀಳದಿರಲು ಕಾರಣವಿದೆ. ಬೂಸ್ಟ್ ತೋರಿಸುವಾಗ ಇಸಿಯು ಈಗಿನ ಒತ್ತಡದಿಂದ ಕೀ ಆನ್ ಮಾಡಿದಾಗ ಓದಿದ ಒತ್ತಡವನ್ನು ಕಳೆಯುತ್ತದೆ. 191ರಲ್ಲಿ 101 ಕಳೆದರೆ 90 ಕಿಲೋಪ್ಯಾಸ್ಕಲ್, ಅಂದರೆ 0.9 ಬಾರ್. ನಿಜದ 181ರಲ್ಲಿ 91 ಕಳೆದರೂ 90. ಎರಡರಲ್ಲೂ ತಪ್ಪು ಸೇರಿಕೊಂಡಿರುವುದರಿಂದ ತೆರೆಯ ಮೇಲಿನ 0.9 ಬಾರ್ ಸರಿಯಾಗಿಯೇ ಕಾಣುತ್ತದೆ.

ಟ್ರ್ಯಾಕಿನಲ್ಲಿ ಆದ ಕಡಿತಕ್ಕೆ ಈಗ ವಿವರಣೆ ಸಿಗುತ್ತದೆ. ಬೂಸ್ಟನ್ನು ಮಿತಿಯಲ್ಲಿಡುವ ವೇಸ್ಟ್‌ಗೇಟ್ ಕವಾಟ, ಒತ್ತಡ ಹೊರಗಿನ ಗಾಳಿಗಿಂತ ಎಷ್ಟು ಹೆಚ್ಚು ಎಂಬುದನ್ನು ನೋಡಿ ತೆರೆದುಕೊಳ್ಳುತ್ತದೆ, ಆದ್ದರಿಂದ ಅಲ್ಲಿಯೂ 0.9 ಬಾರ್ ಬೂಸ್ಟೇ ಬಂದಿರುತ್ತದೆ. ಆದರೆ ಒಟ್ಟು ಒತ್ತಡ 190 ದಾಟಿ, ನಿಮ್ಮ ಸೆನ್ಸರಿನ ತಪ್ಪು 10 ಅದಕ್ಕೆ ಸೇರಿ, ಇಸಿಯುಗೆ 201 ಕಂಡಿರುತ್ತದೆ. ಮಿತಿ 200. ರಕ್ಷಣೆ ತನ್ನ ಕೆಲಸ ಮಾಡಿ ಇಂಧನ ಕಡಿದಿದೆ. ಆ ದಿನದ ಲಾಗ್ ತೆರೆದು ಆ ಕ್ಷಣದಲ್ಲಿ ಇಂಜೆಕ್ಟರ್ ತೆರೆದಿರುವ ಅವಧಿಯನ್ನು ನೋಡಿ: ಅದು ಸೊನ್ನೆಗೆ ಬಿದ್ದಿದ್ದರೆ ಇದೇ ಕಾರಣ. ಡೈನೋ ಮೇಲಿನ ಮಿಸ್‌ನಲ್ಲಿ ಇಂಜೆಕ್ಟರ್ ನಿಂತಿರುವುದಿಲ್ಲ. ಅವು ಎರಡು ಬೇರೆ ಬೇರೆ ಕಾಯಿಲೆಗಳು, ಒಂದೇ ಔಷಧ ಕೊಡಬೇಡಿ.

ಈಗ ಡೈನೋ ಮೇಲಿನ ಮಿಸ್. ಲ್ಯಾಂಬ್ಡಾ ಸೆನ್ಸರ್ ಪೆಟ್ರೋಲನ್ನು ಅಳೆಯುವುದಿಲ್ಲ, ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ನೋಡುತ್ತದೆ. ಒಂದು ಸಿಲಿಂಡರಿನಲ್ಲಿ ಕಿಡಿ ಹೊತ್ತದೆ ಹೋದರೆ ಅಲ್ಲಿನ ಪೆಟ್ರೋಲಿನ ಜೊತೆಗೆ ಅಲ್ಲಿನ ಅಷ್ಟೂ ಆಮ್ಲಜನಕ ಸುಡದೆ ಹೊರಬರುತ್ತದೆ, ಮೀಟರ್ ಅದನ್ನು ಕಂಡು ತೆಳು ಎನ್ನುತ್ತದೆ. ನಿಮ್ಮ 0.92 ಅಂಥದ್ದು. ಅದಕ್ಕೆ ಮುಂಚಿನ 0.74 ಮಾತ್ರ ನಂಬಬಹುದಾದ ಓದು, ಮತ್ತು ಅದು ಈಗಾಗಲೇ ಅತಿ ದಟ್ಟ. ಪೋರ್ಟ್ ಇಂಜೆಕ್ಷನ್ನಿನ ಈ ಎಂಜಿನ್ನಿಗೆ ಪೂರ್ಣ ಬೂಸ್ಟ್‌ನಲ್ಲಿ 0.78ರಿಂದ 0.82ರ ನಡುವೆ ಸಾಕು. ಮೊದಲೇ ಹೊತ್ತಲು ಕಷ್ಟಪಡುತ್ತಿದ್ದ ದಟ್ಟ ಮಿಶ್ರಣಕ್ಕೆ ನೀವು ಇನ್ನಷ್ಟು ಪೆಟ್ರೋಲ್ ಸೇರಿಸಿದಿರಿ. ಬೂಸ್ಟ್ ಏರಿದಂತೆ ಪ್ಲಗ್‌ನ ಗ್ಯಾಪಿನಲ್ಲಿ ಕಿಡಿ ಜಿಗಿಯಲು ಬೇಕಾದ ವೋಲ್ಟೇಜೂ ಏರುತ್ತದೆ, 1.0 ಮಿಲಿಮೀಟರ್ ಗ್ಯಾಪ್ ಈ ಬೂಸ್ಟಿಗೆ ಹೆಚ್ಚಾಯಿತು. ಹೊಸ ಪ್ಲಗ್ ತಂದು 0.7ಕ್ಕೆ ಹೊಂದಿಸಿ. ಕಿಡಿ ಹುಟ್ಟಿಸುವ ಕಾಯಿಲ್‌ಗಳ ಡ್ವೆಲ್ (ಚಾರ್ಜ್ ಆಗುವ) ಸಮಯವನ್ನು ಅವುಗಳ ತಯಾರಕರ ಕೋಷ್ಟಕದೊಂದಿಗೆ ಹೋಲಿಸಿ. ಅಂದಾಜಿನಲ್ಲಿ ಹೆಚ್ಚಿಸಲು ಹೋದರೆ ಕಾಯಿಲ್ ಸುಡುತ್ತದೆ.

ಇನ್ನು ನನಗೆ ನಿಜವಾಗಿ ಭಯ ಹುಟ್ಟಿಸಿದ ಸಾಲಿಗೆ ಬರುತ್ತೇನೆ. 0.74ರಷ್ಟು ದಟ್ಟ ಮಿಶ್ರಣ, ತೆರೆಯ ಮೇಲೆ ಬರೀ 9 ಡಿಗ್ರಿ ಟೈಮಿಂಗ್, ಆದರೂ ನಾಕಿಂಗ್ ಎಂದು ಬರೆದಿದ್ದೀರಿ. ಈ ಮೂರೂ ಒಟ್ಟಿಗೆ ಹೊಂದುವುದಿಲ್ಲ. ತೆರೆಯ ಮೇಲಿರುವುದು ಇಸಿಯು ಕೊಡಲು ಬಯಸಿದ ಟೈಮಿಂಗ್. ಕ್ರ್ಯಾಂಕ್ ನಿಜವಾಗಿ ಯಾವ ಕೋನದಲ್ಲಿದ್ದಾಗ ಕಿಡಿ ಬಿತ್ತು ಎಂಬುದು ಅದಕ್ಕೆ ತಾನಾಗಿ ಗೊತ್ತಿಲ್ಲ. ಈ ಎಂಜಿನ್ನಿನ ಕ್ರ್ಯಾಂಕ್ ಚಕ್ರದಲ್ಲಿ 60 ಹಲ್ಲುಗಳ ಜಾಗವಿದ್ದು ಎರಡು ಹಲ್ಲು ಬಿಟ್ಟಿರುತ್ತದೆ. ಆ ಖಾಲಿ ಜಾಗದಿಂದ ಒಂದನೇ ಸಿಲಿಂಡರಿನ ಮೇಲ್ತುದಿ ಎಷ್ಟು ದೂರ ಎಂಬ ಸಂಖ್ಯೆಯನ್ನು ನಾವು ತುಂಬಬೇಕು. ಒಂದು ಹಲ್ಲು ತಪ್ಪಿದರೆ 6 ಡಿಗ್ರಿ. ಬೇರೊಬ್ಬರ ಕಾರಿನ ಬೇಸ್ ಫೈಲಿನಲ್ಲಿ ಆ ಸಂಖ್ಯೆ ನಿಮ್ಮ ಕಾರಿಗೆ ಸರಿಯಿದೆ ಎಂದು ಹೇಳಬಲ್ಲದ್ದು ಟೈಮಿಂಗ್ ಲೈಟ್ ಒಂದೇ.

ಆದ್ದರಿಂದ ಕೆಲಸದ ಕ್ರಮ ಬಹಳ ಮುಖ್ಯ. ಮೊದಲು ಟೈಮಿಂಗ್, ಆಮೇಲೆ ಒತ್ತಡದ ಸೆನ್ಸರ್, ಎಲ್ಲಕ್ಕಿಂತ ಕೊನೆಗೆ ಇಂಧನ. ನಿಮಗೆ ಸಹಜವಾಗಿಯೇ ಸೆನ್ಸರನ್ನು ಮೊದಲು ಸರಿಮಾಡಬೇಕೆಂದು ಅನ್ನಿಸೀತು, ಅದೊಂದು ಕ್ಲಿಕ್ಕಿನ ಕೆಲಸ. ಹಾಗೆ ಮಾಡಬೇಡಿ. ಈಗ ಇಸಿಯು ಒತ್ತಡವನ್ನು ಹೆಚ್ಚಾಗಿ ಓದುವುದರಿಂದ ಇಗ್ನಿಷನ್ ಕೋಷ್ಟಕದಲ್ಲಿ ಭಾರ ಹೆಚ್ಚಿರುವ ಸಾಲಿಗೆ ಹೋಗಿ ಟೈಮಿಂಗ್ ತಗ್ಗಿಸುತ್ತಿದೆ, ಜೊತೆಗೆ ಹೆಚ್ಚುವರಿ ಪೆಟ್ರೋಲ್ ಸಿಲಿಂಡರನ್ನು ತಂಪಾಗಿಟ್ಟಿದೆ. ಟೈಮಿಂಗ್ ಒಳಗೊಳಗೇ ಮುಂದಿದ್ದರೆ, ಆ ತಪ್ಪಿನಿಂದ ನಿಮ್ಮ ಪಿಸ್ಟನ್‌ಗಳನ್ನು ಈವರೆಗೆ ಕಾಪಾಡಿರುವುದು ಈ ಉಳಿದೆರಡು ತಪ್ಪುಗಳೇ. ಅವುಗಳನ್ನು ಮೊದಲು ತೆಗೆದರೆ ಆಸರೆ ಹೋಗಿ ಎಂಜಿನ್ ಮುರಿಯುತ್ತದೆ.

ಟೈಮಿಂಗ್ ನೋಡುವುದು ಹೀಗೆ. ಒಂದನೇ ಪ್ಲಗ್ ತೆಗೆದು, ತೂತಿನೊಳಗೆ ಉದ್ದನೆಯ ತೆಳು ಮರದ ಕಡ್ಡಿ ಇಳಿಸಿ, ಕ್ರ್ಯಾಂಕನ್ನು ಕೈಯಿಂದ ತಿರುಗಿಸುತ್ತ ಪಿಸ್ಟನ್ ಮೇಲ್ತುದಿಗೆ ಬಂದಾಗ ಪುಲ್ಲಿಯ ಗುರುತು ನಿಜವಾಗಿಯೂ ಎದುರಿನ ಗುರುತಿಗೆ ಕೂಡುತ್ತದೆಯೇ ನೋಡಿ. ಪುಲ್ಲಿಯ ಮೇಲೆ 10 ಡಿಗ್ರಿಯ ಜಾಗವನ್ನು ಅಳೆದು ಬಿಳಿ ಬಣ್ಣದಿಂದ ಗೆರೆ ಎಳೆಯಿರಿ. ಈ ಎಂಜಿನ್ನಿನಲ್ಲಿ ಕಾಯಿಲ್ ನೇರವಾಗಿ ಪ್ಲಗ್ ಮೇಲೆ ಕೂರುವುದರಿಂದ ಲೈಟಿನ ಚಿಮುಟ ಹಾಕಲು ವೈರ್ ಇರುವುದಿಲ್ಲ. ಹಳೆಯ ಕಾರಿನ ಪ್ಲಗ್ ವೈರ್ ಒಂದನ್ನು ಕಾಯಿಲ್ ಮತ್ತು ಪ್ಲಗ್ ನಡುವೆ ಸೇರಿಸಿ, ಚಿಮುಟವನ್ನು ಅದಕ್ಕೆ ಹಾಕಿ. ಸಾಫ್ಟ್‌ವೇರಿನಲ್ಲಿ ಟೈಮಿಂಗನ್ನು 10 ಡಿಗ್ರಿಗೆ ಲಾಕ್ ಮಾಡಿ ಐಡಲಿಂಗ್‌ನಲ್ಲಿ ನೋಡಿ, ಬಳಿಕ ಭಾರವಿಲ್ಲದೆ 4,000 ಆರ್‌ಪಿಎಂಗೆ ಏರಿಸಿ ನೋಡಿ. ಎರಡೂ ಕಡೆ ಒಂದೇ ಅಂತರದಲ್ಲಿ ತಪ್ಪಿದ್ದರೆ ಆ ಸಂಖ್ಯೆಯನ್ನು ತಿದ್ದಿದರೆ ಸಾಕು. ವೇಗದೊಂದಿಗೆ ಗುರುತು ಸರಿಯುತ್ತ ಹೋದರೆ ಕ್ರ್ಯಾಂಕ್ ಸೆನ್ಸರಿನ ಎರಡು ವೈರ್‌ಗಳು ಅದಲುಬದಲಾಗಿರುವ ಸಾಧ್ಯತೆ ಹೆಚ್ಚು. ನಿಮ್ಮ ಕಾರಿನದು ಕಾಂತೀಯ ಸುರುಳಿಯ ಸೆನ್ಸರ್, ವೈರ್ ತಿರುವಿದರೂ ಎಂಜಿನ್ ಓಡುತ್ತದೆ, ಆದರೆ ಹಲ್ಲಿನ ತಪ್ಪು ಅಂಚನ್ನು ಓದುತ್ತದೆ.

ಟೈಮಿಂಗ್ ಸರಿಯಾದ ಮೇಲೆ, ಕೀ ಆನ್ ಮಾಡಿದಾಗ 91 ಕಾಣುವಂತೆ ಸೆನ್ಸರಿನ ಶೂನ್ಯವನ್ನು ಹೊಂದಿಸಿ. ಆದರೆ ಅದನ್ನು ಬದಲಿಸಿ ಹಾಗೆಯೇ ಸ್ಟಾರ್ಟ್ ಮಾಡಬೇಡಿ, ಇಂಧನ ಕೋಷ್ಟಕವನ್ನೂ ಜೊತೆಗೇ ಮರುಲೆಕ್ಕ ಮಾಡಬೇಕು. ಇಸಿಯು ಸುರಿಸುವ ಇಂಧನ ಒತ್ತಡ ಮತ್ತು ಕೋಶದ ಸಂಖ್ಯೆ ಎರಡರ ಗುಣಲಬ್ಧಕ್ಕೆ ತಕ್ಕಂತೆ ಇರುತ್ತದೆ. ಐಡಲಿಂಗ್‌ನಲ್ಲಿ 44 ಎಂದು ಓದುವಾಗ ಕೋಶದಲ್ಲಿ 40 ಇದ್ದರೆ, ಇನ್ನು ಮುಂದೆ 34 ಎಂದು ಓದುವಾಗ ಅಲ್ಲಿ 52ರ ಹತ್ತಿರ ಇರಬೇಕು. ಪೂರ್ಣ ಬೂಸ್ಟ್‌ನಲ್ಲಿ 191ಕ್ಕೆ 88 ಇದ್ದದ್ದು 181ಕ್ಕೆ 93 ಆಗಬೇಕು. ಕೆಳಗೆ ನೂರಕ್ಕೆ ಸುಮಾರು ಮೂವತ್ತರಷ್ಟು ಬದಲಾವಣೆ, ಮೇಲೆ ನೂರಕ್ಕೆ ಐದಾರು ಮಾತ್ರ. ಕೋಷ್ಟಕದ ಎಲ್ಲ ಸಾಲುಗಳನ್ನೂ 10ರಷ್ಟು ಕೆಳಗಿಳಿಸಿ, ಪ್ರತಿ ಸಾಲಿಗೂ ಅದರದೇ ಅನುಪಾತ ಕೊಡಿ. ಹಾಲ್ಟೆಕ್ ಆಗಲಿ ಲಿಂಕ್ ಆಗಲಿ ಮೆಗಾಸ್ಕ್ವರ್ಟ್ ಆಗಲಿ, ಈ ವಿಧಾನದಲ್ಲಿ ಓಡುವ ಯಾವ ಇಸಿಯುನಲ್ಲೂ ಲೆಕ್ಕ ಇದೇ.

ಮೊದಲ ಓಟಗಳಿಗೆ ಬೂಸ್ಟ್ ಸೊಲೆನಾಯ್ಡಿನ ಸಂಪರ್ಕ ತೆಗೆದು ವೇಸ್ಟ್‌ಗೇಟಿನ ಸ್ಪ್ರಿಂಗ್ ಕೊಡುವ ಬೂಸ್ಟಷ್ಟೇ ಬರುವಂತೆ ಮಾಡಿ. ನಾಕಿಂಗ್ ಕೇಳಲು ಸೆನ್ಸರಿನ ಫಿಲ್ಟರನ್ನು 7 ಕಿಲೋಹರ್ಟ್ಸ್ ಆಸುಪಾಸಿಗೆ ಹೊಂದಿಸಿ, 81 ಮಿಲಿಮೀಟರ್ ಬೋರಿನ ಸಿಲಿಂಡರ್ ನಾಕ್ ಆದಾಗ ಸುಮಾರು ಆ ಸ್ವರದಲ್ಲಿ ಮೊಳಗುತ್ತದೆ.

ಘಟ್ಟದ ದಾರಿ, ಶಿವಮೊಗ್ಗ

ಮೇಲಿನವರು ಹೇಳಿದ ಕ್ರಮಕ್ಕೆ ನಾನು ಒಂದೇ ಒಂದು ಪರೀಕ್ಷೆಯನ್ನು ಸೇರಿಸುತ್ತೇನೆ, ಏಕೆಂದರೆ ಅದನ್ನು ಮಾಡದೆ ನಾನು ಒಂದು ಎಂಜಿನ್ ಕಳೆದುಕೊಂಡಿದ್ದೇನೆ. ನನ್ನದು ಟರ್ಬೊ ಹಾಕಿಸಿದ 2001ರ ಹೋಂಡಾ ಸಿಟಿ ವಿಟೆಕ್. ಇಂಧನದ ರೆಗ್ಯುಲೇಟರಿನಿಂದ ಮ್ಯಾನಿಫೋಲ್ಡಿಗೆ ಹೋಗುವ ಪೆನ್ಸಿಲ್ ದಪ್ಪದ ರಬ್ಬರ್ ಹೋಸ್ ಇದೆಯಲ್ಲ, ಅದು ಕ್ಲಿಪ್ಪಿನ ಅಡಿಯಲ್ಲಿ ಸೀಳಿತ್ತು. ಮೇಲಿನಿಂದ ನೋಡಿದರೆ ಹೊಸದರಂತೆ ಹೊಳೆಯುತ್ತಿತ್ತು. ಐಡಲಿಂಗ್‌ನಲ್ಲಿ ನಿರ್ವಾತ ಎಳೆಯುವಾಗ ಆ ಸೀಳು ಮುಚ್ಚಿಕೊಳ್ಳುತ್ತಿತ್ತು, ಬೂಸ್ಟ್ ಬಂದಾಗ ಬಾಯಿ ಬಿಡುತ್ತಿತ್ತು.

ರೆಗ್ಯುಲೇಟರ್ ಇಂಜೆಕ್ಟರಿನ ಎರಡು ತುದಿಗಳ ನಡುವೆ 3 ಬಾರ್ ವ್ಯತ್ಯಾಸವನ್ನು ಸದಾ ಕಾಯಬೇಕು. ಬೂಸ್ಟ್ 1 ಬಾರ್ ಬಂದರೆ ರೈಲಿನಲ್ಲಿ (ಇಂಜೆಕ್ಟರ್‌ಗಳಿಗೆ ಇಂಧನ ಹಂಚುವ ಕೊಳವೆಯಲ್ಲಿ) 4 ಇರಬೇಕು. ನನ್ನ ಕಾರಿನಲ್ಲಿ ಅದು 3ರಲ್ಲೇ ಉಳಿದು, ವ್ಯತ್ಯಾಸ ಬರೀ 2 ಆಯಿತು. ಹರಿವು ಒತ್ತಡದ ವರ್ಗಮೂಲದಂತೆ ಬದಲಾಗುವುದರಿಂದ ಇಂಧನ ನೂರಕ್ಕೆ 18ರಷ್ಟು ಕಡಿಮೆ ಬಂತು. ಟ್ಯೂನ್ ಮಾಡಿದವರು ಆ ಕೊರತೆಯನ್ನು ಕೋಷ್ಟಕದಲ್ಲಿ ಸಂಖ್ಯೆ ಹೆಚ್ಚಿಸಿ ಮುಚ್ಚಿದರು, ಲ್ಯಾಂಬ್ಡಾ ಸರಿ ಬಂತು, ಎಲ್ಲರಿಗೂ ಸಮಾಧಾನವಾಯಿತು. ಎರಡು ವಾರದ ನಂತರ ಸೀಳು ಇನ್ನಷ್ಟು ಬೆಳೆದ ದಿನ ಮೂರನೇ ಸಿಲಿಂಡರಿನ ಪಿಸ್ಟನ್ನಿನಲ್ಲಿ ರಿಂಗ್‌ಗಳ ನಡುವಿನ ಅಂಚು ಒಡೆಯಿತು. ಬಿಚ್ಚಿದಾಗ ಆ ತುಂಡು ಹೆಡ್ಡಿನ ಮೇಲೆ ಮಾಡಿದ್ದ ಗುರುತುಗಳನ್ನು ನೋಡಿ ನನಗೆ ಮಾತೇ ಹೊರಡಲಿಲ್ಲ.

ಆದ್ದರಿಂದ ರೈಲಿಗೆ ಒಂದು ಒತ್ತಡದ ಸೆನ್ಸರ್ ಹಾಕಿಸಿ, ಇಸಿಯುಗೆ ಜೋಡಿಸಿ, ಅದನ್ನೂ ಲಾಗ್ ಮಾಡಿ. ವ್ಯತ್ಯಾಸ ಇಳಿದರೆ ಎಂಜಿನ್ ಕಡಿಯುವಂತೆ ಮಾಡಲು ಸ್ಟ್ಯಾಂಡಲೋನ್ ಇಸಿಯುಗಳಲ್ಲಿ ಅವಕಾಶವಿರುತ್ತದೆ. ನನ್ನ ಮಟ್ಟಿಗೆ ಸ್ಟ್ಯಾಂಡಲೋನ್ ಹಾಕಿಸುವ ದೊಡ್ಡ ಲಾಭವೇ ಇಂಥ ಕಾವಲು, ಕುದುರೆಶಕ್ತಿ ಆಮೇಲಿನ ಮಾತು.

ಪಿಟ್ ಗೋಡೆ, ಮೈಸೂರು

ತಾಂತ್ರಿಕ ಸಲಹೆ ಚೆನ್ನಾಗಿ ಬಂದಿದೆ, ನಾನು ಬೇರೆ ಎರಡು ವಿಷಯ ಹೇಳುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಕಾರು ಟ್ರ್ಯಾಕಿಗೆಂದೇ ಇರುವುದಾದರೆ ಫ್ಲಾಟ್‌ಬೆಡ್ ಮೇಲೆ ಕೊಂಡೊಯ್ಯಿರಿ, ಟ್ಯೂನಿಂಗ್ ಪರೀಕ್ಷೆಗಳನ್ನು ಡೈನೋ ಮೇಲೆಯೇ ಮುಗಿಸಿ. ಕಂಪನಿಯ ಇಸಿಯು ಹೋದ ಮೇಲೆ ಅದರೊಂದಿಗೆ ಇದ್ದ, ಕಳ್ಳತನ ತಡೆಯುವ ಇಮೊಬಿಲೈಸರ್ ರಕ್ಷಣೆಯೂ ಹೋಗಿರುತ್ತದೆ ಎಂಬುದನ್ನು ಮರೆಯಬೇಡಿ, ಒಂದು ಗುಪ್ತ ಸ್ವಿಚ್ ಹಾಕಿಸಿಕೊಳ್ಳಿ.

ಇನ್ನೊಂದು, ಇದನ್ನು ಓದುವ ಬೇರೆಯವರಿಗಾಗಿ. ಮೂಲ ಟರ್ಬೊ, ಮೂಲ ಇಂಜೆಕ್ಟರ್ ಉಳಿಸಿಕೊಂಡು ಸ್ವಲ್ಪ ಎಳೆತ ಹೆಚ್ಚಿಸಿಕೊಳ್ಳಬೇಕೆಂದರೆ ಈ ಕಾರಿನ ಮೂಲ ಬಾಷ್ ಇಸಿಯುವನ್ನೇ ರೀಮ್ಯಾಪ್ ಮಾಡಿಸುವುದು, ಅಂದರೆ ಅದರೊಳಗಿನ ಕೋಷ್ಟಕಗಳನ್ನು ಬದಲಿಸುವುದು, ಒಳ್ಳೆಯದು. ಥ್ರಾಟಲ್, ನಾಕ್ ನಿಯಂತ್ರಣ, ಚಳಿಯ ಸ್ಟಾರ್ಟ್ ಎಲ್ಲವನ್ನೂ ಅದರಲ್ಲಿ ಎಂಜಿನಿಯರ್‌ಗಳು ವರ್ಷಗಟ್ಟಲೆ ಕೂತು ಹೊಂದಿಸಿದ್ದಾರೆ. ಬೆಂಗಳೂರಿನ ರೇಸ್ ಡೈನಾಮಿಕ್ಸ್ ತಯಾರಿಸುವ ಪವರ್‌ಟ್ರಾನಿಕ್ ಥರದ ಪಿಗ್ಗಿಬ್ಯಾಕ್ ಘಟಕಗಳು ಮೂಲ ಇಸಿಯು ಜೊತೆಗೇ ಕೆಲಸ ಮಾಡುತ್ತವೆ, ಅದು ಮೂರನೇ ದಾರಿ. ನಿಮ್ಮಂತೆ ಗಾಳಿ ಮೀಟರನ್ನೇ ತೆಗೆದು ಟರ್ಬೊ ಬದಲಿಸಿದವರಿಗೆ ಸ್ಟ್ಯಾಂಡಲೋನ್ ಸರಿಯಾದ ಆಯ್ಕೆ.

ಕೆಂಪು ಆಕ್ಟೇವಿಯಾ, ಬೆಂಗಳೂರು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದ. ಮೂರು ವಾರಾಂತ್ಯಗಳ ಕೆಲಸದ ನಂತರ ಬರೆಯುತ್ತಿದ್ದೇನೆ.

ಮೊದಲ ಶನಿವಾರ ಟೈಮಿಂಗ್ ಲೈಟ್ ಹಿಡಿದೆ. ಸಾಫ್ಟ್‌ವೇರಿನಲ್ಲಿ 10 ಡಿಗ್ರಿಗೆ ಲಾಕ್ ಮಾಡಿ, ಗೆಳೆಯನನ್ನು ಸೀಟಿನಲ್ಲಿ ಕೂರಿಸಿ, ಬಲಚಕ್ರ ತೆಗೆದು ಕೆಳಗಿನಿಂದ ಬೆಳಕು ಬಿಟ್ಟಾಗ, ನಾನು ಎಳೆದಿದ್ದ ಬಿಳಿ ಗೆರೆ ಇರಬೇಕಾದ ಜಾಗದಲ್ಲಿ ಇರಲಿಲ್ಲ. ಅಳೆದು ನೋಡಿದರೆ 16 ಡಿಗ್ರಿ. 4,000 ಆರ್‌ಪಿಎಂನಲ್ಲಿಯೂ ಅದೇ 16. ಸರಿಯಾಗಿ ಒಂದು ಹಲ್ಲು. ನಾನು 9 ಎಂದು ನಂಬಿಕೊಂಡು ಪೂರ್ಣ ಬೂಸ್ಟ್‌ನಲ್ಲಿ ಓಡಿಸುತ್ತಿದ್ದದ್ದು ನಿಜದಲ್ಲಿ 15. ಆ ಗಳಿಗೆಯಲ್ಲಿ ಬೆನ್ನಿನಲ್ಲಿ ಚಳಿ ಹುಟ್ಟಿತು. ಸೆನ್ಸರನ್ನು ಮೊದಲು ಸರಿಮಾಡಬೇಡಿ ಎಂದು ಕೊಯಮತ್ತೂರಿನವರು ತಡೆಯದಿದ್ದರೆ ನಾನು ಅದನ್ನೇ ಮಾಡುತ್ತಿದ್ದೆ.

ಸಂಖ್ಯೆ ತಿದ್ದಿ, ಗೆರೆ 10ಕ್ಕೆ ಬಂದು ನಿಂತದ್ದನ್ನು ನೋಡಿಕೊಂಡ ಮೇಲೆ ಒತ್ತಡದ ಶೂನ್ಯವನ್ನು ಸರಿಮಾಡಿದೆ. ಹವಾಮಾನ ಇಲಾಖೆ ಪ್ರಕಟಿಸುವ ಒತ್ತಡವನ್ನು ನೇರ ಬಳಸಲು ಹೋಗಿ ಒಂದು ಗಂಟೆ ಗೊಂದಲವಾಯಿತು. ಹವಾಮಾನದ ವರದಿಗಳಲ್ಲಿ ಸಾಮಾನ್ಯವಾಗಿ ಸಮುದ್ರಮಟ್ಟಕ್ಕೆ ಹೊಂದಿಸಿದ ಸಂಖ್ಯೆ ಇರುತ್ತದೆ, ನಮಗೆ ಬೇಕಾದದ್ದು ನಿಂತ ಜಾಗದ ಒತ್ತಡ. ಫೋನಿನೊಳಗಿನ ಒತ್ತಡದ ಸೆನ್ಸರಿನಲ್ಲಿ 910 ಹೆಕ್ಟೋಪ್ಯಾಸ್ಕಲ್ ಬಂತು, ಅಂದರೆ 91 ಕಿಲೋಪ್ಯಾಸ್ಕಲ್. ಇಂಧನ ಕೋಷ್ಟಕವನ್ನು ಸಾಲು ಸಾಲಾಗಿ ಕೂತು ಮರುಲೆಕ್ಕ ಮಾಡಿದೆ. ಹೊಸ ಕೋಷ್ಟಕ ನೋಡಲು ಗುಡ್ಡದ ಇಳಿಜಾರಿನಂತೆ ನಯವಾಗಿದೆ. ಹಳೆಯದರಲ್ಲಿ ಐಡಲಿಂಗ್ ಕಡೆ ಒಂದು ಹೊಂಡ ಇತ್ತು, ಅದು ಈ ಎಂಜಿನ್ನಿನ ಸ್ವಭಾವ ಎಂದುಕೊಂಡಿದ್ದೆ.

ಪ್ಲಗ್ 0.7ಕ್ಕೆ ಇಳಿಸಿ, ರೈಲಿಗೆ ಒತ್ತಡದ ಸೆನ್ಸರ್ ಹಾಕಿಸಿ, ಹೋಸ್‌ಗಳನ್ನೆಲ್ಲ ಹೊಸದಾಗಿ ಹಾಕಿ ಡೈನೋಗೆ ಹೋದೆವು. ಸ್ಪ್ರಿಂಗ್ ಬೂಸ್ಟ್‌ನಲ್ಲಿ ಶುರುಮಾಡಿ ಮೆಲ್ಲಗೆ 0.9ಕ್ಕೆ ತಂದೆವು. ಲ್ಯಾಂಬ್ಡಾ 0.80ರಲ್ಲಿ ಗೆರೆ ಎಳೆದಂತೆ ನಿಂತಿತು. 4,500ರಲ್ಲಿ ಮಿಸ್ ಇಲ್ಲ, ಕೆಂಪು ಗೆರೆಯವರೆಗೂ ಇಲ್ಲ. ರೈಲಿನ ವ್ಯತ್ಯಾಸ 3 ಬಾರ್‌ನಲ್ಲಿ ಅಲುಗಲಿಲ್ಲ. ಟೈಮಿಂಗ್ ಈಗ ನಿಜವಾದ 11 ಡಿಗ್ರಿ, ನಾಕ್ ಸದ್ದು ಇಲ್ಲ. ಟ್ರ್ಯಾಕಿನ ಹಳೆಯ ಲಾಗನ್ನೂ ತೆರೆದು ನೋಡಿದೆ. ಕಡಿತವಾದ ಪ್ರತಿ ಸಲವೂ ಇಂಜೆಕ್ಟರ್ ಸೊನ್ನೆ, ಒತ್ತಡ 201.

ಒಂದು ಪ್ರಶ್ನೆ ಉಳಿದಿದೆ. ಡೈನೋ ಮೇಲೆ ಹತ್ತು ನಿಮಿಷ ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಿದರೆ ಮೊದಲ ಅರ್ಧ ನಿಮಿಷ ಐಡಲಿಂಗ್ ತೆಳುವಾಗಿ ಓಲಾಡುತ್ತದೆ, ಲ್ಯಾಂಬ್ಡಾ 1.12 ತೋರಿಸುತ್ತದೆ. ಆಗ ಒಳಬರುವ ಗಾಳಿಯ ಉಷ್ಣತೆ 68 ಡಿಗ್ರಿ ಎಂದು ಬರುತ್ತದೆ. ಮುಂದಿನ ತಿಂಗಳು ಮತ್ತೆ ಟ್ರ್ಯಾಕಿಗೆ ಹೋಗುವ ಮುನ್ನ ಬೇರೇನಾದರೂ ನೋಡಬೇಕೇ?

ಲ್ಯಾಂಬ್ಡಾ ಒಂದು, ಕೊಯಮತ್ತೂರು

ಓದಿ ಮನಸ್ಸು ತುಂಬಿತು. ಉಷ್ಣತೆಯ ಸೆನ್ಸರ್ ಬಹುಶಃ ಮ್ಯಾನಿಫೋಲ್ಡಿನ ಲೋಹದಲ್ಲಿ ಕೂತಿದೆ. ಎಂಜಿನ್ ನಿಂತಾಗ ಅದು ಗಾಳಿಯ ಬದಲು ಲೋಹದ ಕಾವನ್ನು ಓದುತ್ತದೆ, ಗಾಳಿ ಬಿಸಿಯಾಗಿ ವಿರಳವಾಗಿದೆ ಎಂದು ತಿಳಿದು ಇಸಿಯು ಇಂಧನ ತಗ್ಗಿಸುತ್ತದೆ. ಇಂಟರ್‌ಕೂಲರಿನಿಂದ ಬರುವ ತಣ್ಣನೆಯ ಪೈಪಿಗೆ, ತುದಿ ತೆರೆದಿರುವ ಜಾತಿಯ ಸೆನ್ಸರ್ ಹಾಕಿಸಿ. ಅಲ್ಲಿಯವರೆಗೆ ಬಿಸಿ ಸ್ಟಾರ್ಟ್ ನಂತರದ ಹೆಚ್ಚುವರಿ ಇಂಧನವನ್ನು ಸ್ವಲ್ಪ ಏರಿಸಿದರೆ ಸಾಕು, ಮುಖ್ಯ ಕೋಷ್ಟಕವನ್ನು ಮುಟ್ಟಬೇಡಿ.

ಟ್ರ್ಯಾಕಿನ ಬಗ್ಗೆ: ಅಲ್ಲಿ ಅದೇ 0.9 ಬಾರ್‌ಗೆ ಒಟ್ಟು ಒತ್ತಡ 191ರ ಹತ್ತಿರ ಹೋಗುತ್ತದೆ, ಅಂದರೆ ಬೆಂಗಳೂರಿಗಿಂತ ನೂರಕ್ಕೆ 5ರಷ್ಟು ಹೆಚ್ಚು ಗಾಳಿ. ನೀವು ಡೈನೋ ಮೇಲೆ 181ರವರೆಗಿನ ಸಾಲುಗಳನ್ನು ಮಾತ್ರ ನೋಡಿದ್ದೀರಿ. 190 ಮತ್ತು 200ರ ಸಾಲುಗಳಲ್ಲಿ ಬೇಸ್ ಫೈಲಿನ ಹಳೆಯ ಟೈಮಿಂಗ್ ಇನ್ನೂ ಹಾಗೆಯೇ ಕೂತಿರಬಹುದು. ಹೊರಡುವ ಮೊದಲು ಅವೆರಡು ಸಾಲುಗಳನ್ನು ತೆರೆದು, ಈಗಿನ 11ಕ್ಕಿಂತ 2 ಡಿಗ್ರಿ ಕಡಿಮೆ ಇಡಿ. ನಿಮ್ಮೂರಿನಲ್ಲಿ ಇ20 (ನೂರಕ್ಕೆ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್) ತುಂಬಿಸಿ ಟ್ಯೂನ್ ಮಾಡಿದ್ದು, ಅಲ್ಲಿ ಎಥನಾಲ್ ಪ್ರಮಾಣ ಬೇರೆ ಇರುವ ಪೆಟ್ರೋಲ್ ಸಿಕ್ಕರೆ ಬೇಕಾಗುವ ಇಂಧನ ನೂರಕ್ಕೆ 8ರವರೆಗೂ ವ್ಯತ್ಯಾಸವಾಗಬಹುದು, ಆದ್ದರಿಂದ ಟ್ಯೂನ್ ಮಾಡಿದ ಪೆಟ್ರೋಲನ್ನೇ ಟ್ಯಾಂಕ್ ತುಂಬ ಬೆಂಗಳೂರಿನಿಂದ ಒಯ್ಯಿರಿ. ಪಿಟ್ಟಿನಲ್ಲಿ ಸ್ಟಾರ್ಟ್ ಮಾಡುವ ಮುನ್ನ ಕೀ ಆನ್ ಮಾಡಿ ಒತ್ತಡ ನೋಡಿ. 100 ಅಥವಾ 101 ಬಂದರೆ ಹೊರಡಿ. ಮೊದಲ ಸುತ್ತಿನ ಲಾಗನ್ನು ಇಲ್ಲಿ ಹಾಕಿ, ನಾನು ಕಾಯುತ್ತಿರುತ್ತೇನೆ.